ಪೀಟ್ ಲಾ ರೋಕಾ: ಡ್ರಮ್ಸ್ ಬಿಟ್ಟು ಟ್ಯಾಕ್ಸಿ ಓಡಿಸಿ ಲಾಯರ್ ಆದವನ ಬಗ್ಗೆ ಒಂಚೂರು ಮಾತಾಡೋಣ್ವಾ

ಕಪ್ಪುತಟ್ಟೆ:
ಹಾರ್ಡ್ ಬಾಪ್ (1950ರ ದಶಕದ ಒಂದು ಜಾಝ್ ಶೈಲಿ) ಡ್ರಮ್ಮರ್ ಅಂದ ತಕ್ಷಣ ಇಲ್ಲಿ ಎಲ್ರೂ ಆರ್ಟ್ ಬ್ಲೇಕಿ, ಮ್ಯಾಕ್ಸ್ ರೋಚ್, ಫಿಲ್ಲಿ ಜೋ ಅಂತ ಮೂರು ಹೆಸರು ಹೇಳಿ ಎದ್ದು ಹೋಗ್ತೀರ. ಸರಿ, ಅವರು ದೊಡ್ಡೋರು, ಯಾರೂ ಇಲ್ಲ ಅನ್ನಲ್ಲ. ಆದ್ರೆ ಬೆಂಗಳೂರಲ್ಲಿ ಜಾಝ್ ಗಿಟಾರ್ ಕಲಿಯೋಕೆ ಹೋದ ಪ್ರತಿಯೊಬ್ಬರ ಕೈಗೂ ಮೊದಲ ತಿಂಗಳಲ್ಲೇ ಸಿಗೋ ಟ್ಯೂನ್ ಬ್ಲೂ ಬೊಸಾ, ಅದರ ಒರಿಜಿನಲ್ ರೆಕಾರ್ಡಿಂಗ್ ಅಂದ್ರೆ ಸ್ಯಾಕ್ಸೋಫೋನ್‌ನ ಜೋ ಹೆಂಡರ್ಸನ್ ಅವರ 1963ರ ಆಲ್ಬಮ್ ಪೇಜ್ ಒನ್, ಅದರಲ್ಲಿ ಡ್ರಮ್ಸ್ ಯಾರು ಅಂತ ಕೇಳಿದ್ರೆ ನೂರಕ್ಕೆ ತೊಂಬತ್ತು ಜನ ತಲೆ ಕೆರ್ಕೋತಾರೆ. ಪೀಟ್ ಲಾ ರೋಕಾ ಕಣ್ರಪ್ಪಾ.

ಅವನ ಆರಂಭದ ಲಿಸ್ಟ್ ನೋಡಿದ್ರೆ ತಲೆ ತಿರುಗುತ್ತೆ. ಹುಟ್ಟಿದ್ದು 1938, ನ್ಯೂಯಾರ್ಕ್. 1957ರ ನವೆಂಬರ್ 3, ಸ್ಯಾಕ್ಸೋಫೋನ್‌ನ ಸೋನಿ ರಾಲಿನ್ಸ್ ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ ಆ ಪ್ರಸಿದ್ಧ ಲೈವ್ ರೆಕಾರ್ಡಿಂಗ್ ಮಾಡಿದ ದಿನ ಮಧ್ಯಾಹ್ನದ ಸೆಟ್‌ಗೆ ಕೂತಿದ್ದು ಇವನು, ಆಗ ವಯಸ್ಸು 19. ಸಂಜೆ ಸೆಟ್‌ಗೆ ಎಲ್ವಿನ್ ಜೋನ್ಸ್. 1960ರಲ್ಲಿ ಸ್ಯಾಕ್ಸೋಫೋನ್‌ನ ಜಾನ್ ಕೋಲ್ಟ್ರೇನ್ ಟ್ರಂಪೆಟ್‌ನ ಮೈಲ್ಸ್ ಡೇವಿಸ್ ಗುಂಪು ಬಿಟ್ಟು ಸ್ವಂತ ಕ್ವಾರ್ಟೆಟ್ (ನಾಲ್ಕು ಜನರ ಗುಂಪು) ಕಟ್ಟಿ ಜಾಝ್ ಗ್ಯಾಲರಿ ಅನ್ನೋ ಕ್ಲಬ್‌ನಲ್ಲಿ ನುಡಿಸೋಕೆ ಶುರು ಮಾಡಿದಾಗ ಮೊದಲ ಡ್ರಮ್ಮರ್ ಕೂಡ ಇವನೇ. ಅಲ್ಲೂ ಕೆಲವೇ ತಿಂಗಳು, ಆಮೇಲೆ ಬಿಲ್ಲಿ ಹಿಗ್ಗಿನ್ಸ್, ಅವನಾದ್ಮೇಲೆ ಮತ್ತೆ ಅದೇ ಎಲ್ವಿನ್. ಎರಡೂ ಸಲ ಇತಿಹಾಸದ ಫೋಟೋದಲ್ಲಿ ನಿಂತಿದಾನೆ, ಎರಡೂ ಸಲ ಎಲ್ವಿನ್ ಮುಂದೆ ಬಂದು ಮರೆ ಮಾಡಿಬಿಟ್ಟ.

ಆದ್ರೆ ನನಗೆ ಮಾತಾಡ್ಬೇಕಿರೋದು ಅದಲ್ಲ, 1968ರ ಆಮೇಲಿಂದು. ಮೂವತ್ತು ವರ್ಷಕ್ಕೇ ಸಂಗೀತ ಬಿಟ್ಟ. ನ್ಯೂಯಾರ್ಕ್‌ನಲ್ಲಿ ಟ್ಯಾಕ್ಸಿ ಓಡಿಸಿದ. ಆಮೇಲೆ ನ್ಯೂಯಾರ್ಕ್ ಯೂನಿವರ್ಸಿಟಿಲಿ ಲಾ ಓದಿ ವಕೀಲನಾದ. ಇದನ್ನ ಎಲ್ಲಿ ಓದಿದ್ರೂ ಒಂದೋ ಅಯ್ಯೋ ಪಾಪ ಅಂತ ಬರೆದಿರ್ತಾರೆ, ಇಲ್ಲಾ ನೋಡಿ ಛಲ ಅಂದ್ರೆ ಹಿಂಗಿರ್ಬೇಕು ಅಂತ. ಎರಡೂ ನನಗೆ ಒಪ್ಪಿಗೆ ಇಲ್ಲ. ನೀವೇನಂತೀರ?

ಜಯನಗರ ಜಂಕ್ಷನ್:
ಅಯ್ಯೋ ಪಾಪ ಅನ್ನೋದ್ರಲ್ಲಿ ತಪ್ಪೇನಿದೆ ಗುರು? ಕೋಲ್ಟ್ರೇನ್ ಜೊತೆ ಬಾರಿಸಿದ ಮನುಷ್ಯ ಎಂಟು ವರ್ಷಕ್ಕೆ ಟ್ಯಾಕ್ಸಿ ಓಡಿಸ್ಬೇಕು ಅಂದ್ರೆ ಪಾಪ ಅನ್ನದೆ ಇನ್ನೇನನ್ನಬೇಕು.

ನ್ಯೂಜೆರ್ಸಿ ನಂಜುಂಡ:
ಆ ಕಾಲ ಹೆಂಗಿತ್ತು ಅಂತ ನೋಡ್ಬೇಕು ಜಂಕ್ಷನ್ನೋರೆ. 1964ರಲ್ಲಿ ಬೀಟಲ್ಸ್ ಅಮೆರಿಕಾಗೆ ಬಂದಿಳಿದ್ರು, 1965ರಲ್ಲಿ ನ್ಯೂಯಾರ್ಕ್‌ನ ಜಾಝ್ ಕ್ಲಬ್ ಬರ್ಡ್‌ಲ್ಯಾಂಡ್ ಬಾಗಿಲು ಹಾಕ್ತು, ಅದೇ ವರ್ಷ ಬ್ಲೂ ನೋಟ್ ಅನ್ನೋ ಜಾಝ್ ರೆಕಾರ್ಡ್ ಕಂಪನಿನ ಲಿಬರ್ಟಿಯವರು ಕೊಂಡ್ಕೊಂಡ್ರು, 1967ಕ್ಕೆ ಅದನ್ನ ಕಟ್ಟಿದ ಆಲ್ಫ್ರೆಡ್ ಲಯನ್ ಕೂಡ ಹೊರಗೆ. ಲಾ ರೋಕಾ ಲೀಡರ್ ಆಗಿ ಬ್ಲೂ ನೋಟ್‌ಗೆ ಮಾಡಿದ ಮೊದಲ ಆಲ್ಬಮ್ ಬಸ್ರಾ ರೆಕಾರ್ಡ್ ಆಗಿದ್ದು 1965ರ ಮೇ 19, ಇಲ್ಲೇ ಇಂಗಲ್‌ವುಡ್ ಕ್ಲಿಫ್ಸ್‌ನ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋಲಿ. ಟೈಮಿಂಗ್ ನೋಡಿ, ಮನೆ ಮಾರಾಟಕ್ಕೆ ಇಟ್ಟ ವರ್ಷ ಗೃಹಪ್ರವೇಶ ಮಾಡ್ದಂಗೆ.

ಒಳ್ಳೊಳ್ಳೆ ಡ್ರಮ್ಮರ್‌ಗಳೆಲ್ಲ ದಿಕ್ಕಾಪಾಲಾದ್ರು. ಕೆನ್ನಿ ಕ್ಲಾರ್ಕ್ 1956ರಲ್ಲೇ ಪ್ಯಾರಿಸ್ ಸೇರಿದ್ದ. ಆರ್ಟ್ ಟೇಲರ್ 1963ರಲ್ಲಿ ಯುರೋಪ್‌ಗೆ ಹೋದೋನು ವಾಪಸ್ ಬಂದಿದ್ದು 1980ರ ದಶಕದಲ್ಲಿ, ಅಲ್ಲಿದ್ದಾಗ ಬೇರೆ ಸಂಗೀತಗಾರರನ್ನ ಕೂರಿಸ್ಕೊಂಡು ಮಾತಾಡ್ಸಿ ಅದನ್ನೇ ಪುಸ್ತಕ ಮಾಡಿದ. ಜೆರ್ರಿ ಮಲಿಗನ್ ಜೊತೆ ಬಾರಿಸ್ತಿದ್ದ ಡೇವ್ ಬೈಲಿ 1969ರಲ್ಲಿ ಕಡ್ಡಿ ಕೆಳಗಿಟ್ಟು ವಿಮಾನ ಓಡಿಸೋದು ಕಲಿಸೋ ಮೇಷ್ಟ್ರಾದ, ಸುಳ್ಳಲ್ಲ, ಆಮೇಲೆ ಹಾರ್ಲೆಮ್‌ನ ಜಾಝ್‌ಮೊಬೀಲ್ ಸಂಸ್ಥೆ ನಡೆಸಿದ. ಟ್ಯಾಕ್ಸಿ ಅನ್ನೋದು ಇದರಲ್ಲಿ ಒಂದು, ಅಷ್ಟೆ. ನಾನಿಲ್ಲಿ ಬಂದ ಹೊಸದರಲ್ಲಿ ಕೂತ ಟ್ಯಾಕ್ಸಿಗಳಲ್ಲಿ ಡಾಕ್ಟ್ರೂ ಇದ್ರು ಇಂಜಿನಿಯರೂ ಇದ್ರು, ಯಾರಿಗೂ ಪಾಪ ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ.

ಕಪ್ಪುತಟ್ಟೆ:
ಅದೇ ನಾನು ಹೇಳ್ತಿರೋದು. ಅದೂ ಅಲ್ದೆ ಅವನಿಗೆ ಕೆಲಸವೇ ಸಿಗ್ತಿರ್ಲಿಲ್ಲ ಅಂತೇನಿಲ್ಲ, ಅವನಿಗೆ ಬೇಕಾದ ಕೆಲಸ ಸಿಗ್ತಿರ್ಲಿಲ್ಲ. ಆಗ ಎಲ್ಲ ಕಡೆ ರಾಕ್ ಬೀಟ್, ಸ್ವಲ್ಪ ದಿನಕ್ಕೆ ಜಾಝ್‌ಗೆ ರಾಕ್ ಬೆರೆಸಿದ ಫ್ಯೂಷನ್. ಪಿಯಾನೋದ ಹರ್ಬಿ ಹ್ಯಾನ್‌ಕಾಕ್, ಚಿಕ್ ಕೊರಿಯಾ, ಡ್ರಮ್ಸ್‌ನ ಟೋನಿ ವಿಲಿಯಮ್ಸ್ ಎಲ್ರೂ ಆ ಕಡೆ ವಾಲಿದ್ರು, ದುಡ್ಡೂ ಮಾಡಿದ್ರು. ಈ ಮನುಷ್ಯ ಮಾತ್ರ ಸ್ವಿಂಗ್ (ಜಾಝ್‌ನ ಆ ತೂಗೋ ಲಯ) ಇಲ್ದೇ ಇರೋದನ್ನ ನಾನು ಬಾರಿಸಲ್ಲ ಅಂತ ಎದ್ದು ಹೋದ. ಹೊಟ್ಟೆಪಾಡಿಗೆ ಬೇಡವಾದ್ದನ್ನ ಬಾರಿಸೋ ಬದಲು ಹೊಟ್ಟೆಪಾಡಿಗೆ ಬೇರೆ ಏನಾದ್ರೂ ಮಾಡ್ತೀನಿ ಅನ್ನೋ ಲೆಕ್ಕ. ಇದು ಸೋಲು ಅಂತ ನನಗನ್ಸಲ್ಲ, ಹಠ ಅಂತ ಬೇಕಾದ್ರೆ ಅನ್ನಿ. ಮಡಿವಂತಿಕೆ ಅಂದ್ರೂ ಸರಿನೇ, ಫ್ಯೂಷನ್‌ನಲ್ಲೂ ಒಳ್ಳೇದಿದೆ, ಅದರ ಬಗ್ಗೆ ನಾನು ಅವನ ಪಕ್ಷ ಅಲ್ಲ.

ಲಯಭಾರಿ:
ಹೆಸರಿನ ಕಥೆ ಗೊತ್ತಿಲ್ದೋರಿಗೆ: ಹುಟ್ಟು ಹೆಸರು ಪೀಟರ್ ಸಿಮ್ಸ್. ಹುಡುಗ ಆಗಿದ್ದಾಗ ಲ್ಯಾಟಿನ್ ಬ್ಯಾಂಡುಗಳಲ್ಲಿ ಟಿಂಬಾಲೆಸ್ (ಜೋಡಿ ಲೋಹದ ಡ್ರಮ್ಮು) ಬಾರಿಸ್ತಿದ್ದ, ಆಗ ಇಟ್ಕೊಂಡಿದ್ದು ಲಾ ರೋಕಾ. ಜಾಝ್‌ಗೆ ಬಂದ್ಮೇಲೂ ಅದೇ ಅಂಟ್ಕೊಳ್ತು. ವಕೀಲಿಕೆಗೆ ಹೋಗೋವಾಗ ಮತ್ತೆ ಸಿಮ್ಸ್. ಶಾಸ್ತ್ರೀಯವಾಗಿ ಕಲಿತೋನೂ ಹೌದು, ನ್ಯೂಯಾರ್ಕ್‌ನ ಮ್ಯೂಸಿಕ್ ಅಂಡ್ ಆರ್ಟ್ ಹೈಸ್ಕೂಲು, ಸಿಟಿ ಕಾಲೇಜಿನ ಆರ್ಕೆಸ್ಟ್ರಾದಲ್ಲಿ ಟಿಂಪನಿ (ದೊಡ್ಡ ನಗಾರಿ). ಟಿಂಬಾಲೆಸ್ ಮತ್ತೆ ಟಿಂಪನಿ ಎರಡೂ ಕೈಗೆ ಹತ್ತಿದ್ದೋನು ಅಂತ ಗೊತ್ತಾದ್ಮೇಲೆ ಬಸ್ರಾದ ಮೊದಲ ಟ್ರ್ಯಾಕ್ ಮಲಗೆನ್ಯಾ ಕೇಳಿ, ಸಿಂಬಲ್‌ಗಿಂತ ಹೆಚ್ಚಾಗಿ ತೊಗಲಿನ ಮೇಲೆ ಯೋಚನೆ ಮಾಡ್ತಿದಾನೆ ಅನ್ಸುತ್ತೆ.

ಜಯನಗರ ಜಂಕ್ಷನ್:
ಸರಿ ಲಾಯರ್ ಆದ, ಆಮೇಲೆ ಏನ್ಮಾಡ್ದ? ಸಿನಿಮಾ ಥರ ಯಾವ್ದಾದ್ರೂ ಕೇಸ್ ಇದ್ಯಾ?

ಕಪ್ಪುತಟ್ಟೆ:
ಇದೆ ಸ್ವಾಮಿ, ಅದಕ್ಕೇ ಈ ಥ್ರೆಡ್ ಹಾಕಿದ್ದು. ಬಿಡೋಕೆ ಒಂದು ವರ್ಷ ಮುಂಚೆ 1967ರಲ್ಲಿ ಇನ್ನೊಂದು ಆಲ್ಬಮ್ ಮಾಡಿದ್ದ, ಟರ್ಕಿಶ್ ವಿಮೆನ್ ಅಟ್ ದ ಬಾತ್ ಅಂತ. ಫ್ರೆಂಚ್ ಚಿತ್ರಕಾರ ಆಂಗ್ರ್ ಬರೆದ ಟರ್ಕಿಶ್ ಸ್ನಾನಗೃಹದ ಪೇಂಟಿಂಗ್ ಇದ್ಯಲ್ಲ, ಅದರಿಂದ ಬಂದಿದ್ದು. ಸನ್ ರಾ ಅನ್ನೋ ಜಾಝ್ ನಾಯಕನ ಗುಂಪಿನ ಜಾನ್ ಗಿಲ್ಮೋರ್ ಟೆನರ್ ಸ್ಯಾಕ್ಸೋಫೋನ್, ವಾಲ್ಟರ್ ಬುಕರ್ ಬಾಸ್, ಪಿಯಾನೋ ಚಿಕ್ ಕೊರಿಯಾ. ಏಳು ಟ್ಯೂನು, ಏಳೂ ಲಾ ರೋಕಾದೇ. ತೆಗೆದಿದ್ದು ಅಲನ್ ಡಗ್ಲಸ್ ಲೇಬಲ್. (ಹೌದು, ಜಿಮಿ ಹೆಂಡ್ರಿಕ್ಸ್ ಸತ್ತ ಮೇಲೆ ಅವನ ಟೇಪುಗಳ ಮೇಲೆ ಬೇರೆಯವರ ಕೈಲಿ ನುಡಿಸಿ ಆಲ್ಬಮ್ ತಂದ ಅದೇ ಡಗ್ಲಸ್.)

ಈಗ 1973ಕ್ಕೆ ಬನ್ನಿ. ಅಷ್ಟೊತ್ತಿಗೆ ಕೊರಿಯಾ ಮೈಲ್ಸ್ ಜೊತೆ ನುಡಿಸಿ, ರಿಟರ್ನ್ ಟು ಫಾರೆವರ್ ಅನ್ನೋ ಸ್ವಂತ ಬ್ಯಾಂಡ್ ಕಟ್ಟಿ ಸ್ಟಾರ್ ಆಗಿದಾನೆ. ಲಾ ರೋಕಾ ಸೀನಿಂದಾನೇ ಮಾಯ. ಮ್ಯೂಸ್ ಅನ್ನೋ ಲೇಬಲ್ ಈ ಟೇಪುಗಳನ್ನೇ ಬ್ಲಿಸ್ ಅನ್ನೋ ಹೊಸ ಹೆಸರಲ್ಲಿ ಮಾರ್ಕೆಟ್‌ಗೆ ಬಿಡ್ತು, ಮೇಲೆ ಚಿಕ್ ಕೊರಿಯಾ ಅಂತ ಹಾಕಿ. ಬರೆದೋನೂ ಲೀಡರೂ ಲಾ ರೋಕಾ, ಅವನನ್ನ ಒಂದ್ ಮಾತು ಕೇಳಿಲ್ಲ. ಸಂಗೀತ ಅದೇ, ಕವರ್ ತಿರುಗಿಸಿ ನೋಡಿದ್ರೆ ಮನುಷ್ಯ ಸೈಡ್‌ಮ್ಯಾನ್, ಅಂದ್ರೆ ಪಕ್ಕವಾದ್ಯದವನು ಆಗಿಬಿಟ್ಟಿದಾನೆ.

ಇವನು ಕೋರ್ಟಿಗೆ ಹೋದ. ಗೆದ್ದ ಕೂಡ.

ಜಯನಗರ ಜಂಕ್ಷನ್:
ಅಬ್ಬಾ. ಇದು ನಿಜವಾಗ್ಲೂ ಸಿನಿಮಾ.

ವಕೀಲ ಸಾಹೇಬ:
ಸಿನಿಮಾ ಅನ್ನೋಕೆ ಮುಂಚೆ ಒಂದ್ನಿಮಿಷ, ಇದು ನನ್ನ ಏರಿಯಾ. ಆ ಕಾಲದಲ್ಲಿ ಸೆಷನ್ ಸಂಗೀತಗಾರ ಅಂದ್ರೆ ಟೇಪಿನ ಮೇಲೆ ಹಕ್ಕೇ ಇರ್ತಿರ್ಲಿಲ್ಲ ಅನ್ನಬಹುದು, ಕಾಗದಕ್ಕೆ ಸೈನ್ ಹಾಕಿ ದುಡ್ಡು ಇಸ್ಕೊಂಡ್ರೆ ಮಾಸ್ಟರ್ ಟೇಪ್ ಕಂಪನಿದು. ಇನ್ನೊಂದು ವಿಷ್ಯ ಬಹಳ ಜನಕ್ಕೆ ಗೊತ್ತಿರಲ್ಲ, ಅಮೆರಿಕಾದಲ್ಲಿ ಧ್ವನಿಮುದ್ರಣಕ್ಕೆ ಅಂತ ಫೆಡರಲ್ ಕಾಪಿರೈಟ್ ಸಿಕ್ಕಿದ್ದೇ 1972ರ ಫೆಬ್ರವರಿ 15ರಿಂದ, ಅದಕ್ಕೂ ಮುಂಚಿನ ರೆಕಾರ್ಡಿಂಗುಗಳು ಆಯಾ ರಾಜ್ಯದ ಕಾನೂನಿಗೆ ಬಿಟ್ಟಿದ್ದು. 1967ರ ಟೇಪು ಅದರ ಹೊರಗೇ. ರಾಗ ಬರೆದೋನಿಗೆ ಸಿಗೋ ಹಕ್ಕು ಬೇರೆ, ಆ ರೆಕಾರ್ಡಿಂಗ್ ಮೇಲಿನ ಹಕ್ಕು ಬೇರೆ, ಕವರ್ ಮೇಲೆ ಯಾರ ಹೆಸರು ಅನ್ನೋದು ಮೂರನೇದು. ನಮ್ಮಲ್ಲಿ ಕಾಪಿರೈಟ್ ಆಕ್ಟ್ 57ನೇ ಸೆಕ್ಷನ್ ಪ್ರಕಾರ ಬರೆದೋನು ಇದು ನಂದು ಅಂತ ಹೇಳ್ಕೊಳೋ ಹಕ್ಕನ್ನ ಹಣಕಾಸಿನ ಹಕ್ಕು ಮಾರಿದ್ಮೇಲೂ ಉಳಿಸ್ಕೊಂಡಿರ್ತಾನೆ. ಆದ್ರೆ ನುಡಿಸೋರಿಗೆ ಆ ಥರದ್ದು ಬಂದಿದ್ದು 2012ರ ತಿದ್ದುಪಡಿಲಿ, 38ಬಿ ಅಂತ. ಅಂದ್ರೆ ಮೊನ್ನೆ ಮೊನ್ನೆ. 1973ರ ಅಮೆರಿಕಾದಲ್ಲಿ ಆ ಥರ ನೈತಿಕ ಹಕ್ಕು ಅಂತ ಒಂದು ರೆಡಿಮೇಡ್ ಸೆಕ್ಷನ್ ಇರ್ಲಿಲ್ಲ.

ಅದಕ್ಕೇ ಹೇಳ್ತಿರೋದು, ಕಾನೂನು ಅವನ ಪರ ಕೈ ಕಟ್ಕೊಂಡು ನಿಂತಿತ್ತು, ಹೋಗಿ ಕೇಳಿದ ತಕ್ಷಣ ಕೊಟ್ರು ಅಂತಲ್ಲ. ಇವನಂಥ ಎಷ್ಟೋ ಜನ ನುಡಿಸೋರು ಸುಮ್ನಾದ್ರು, ಯಾಕಂದ್ರೆ ಲಾಯರ್ ಫೀಸು ಆಲ್ಬಮ್ ದುಡಿಯೋದಕ್ಕಿಂತ ಜಾಸ್ತಿ ಆಗುತ್ತೆ. ನನ್ನ ಹತ್ರಾನೂ ಹಾಡುಗಾರರು ಬರ್ತಾರೆ, ಕಾಂಟ್ರಾಕ್ಟ್ ಕಾಪಿ ತನ್ನಿ ಅಂದ್ರೆ ಮೊಬೈಲ್‌ನಲ್ಲಿ ಮೊದಲ ಪೇಜ್ ಫೋಟೋ ಮಾತ್ರ ಇರುತ್ತೆ, ಸೈನ್ ಹಾಕಿದ ಕೊನೇ ಪೇಜಲ್ಲಿ ಏನಿತ್ತೋ ಅವರಿಗೂ ಗೊತ್ತಿಲ್ಲ. ಸಿಮ್ಸ್ ಸಾಹೇಬ್ರಿಗೆ ಕೊನೇ ಪೇಜ್ ಓದೋಕೆ ಬರ್ತಿತ್ತು. ವ್ಯತ್ಯಾಸ ಅಷ್ಟೇ.

ಕಪ್ಪುತಟ್ಟೆ:
ಸಾಹೇಬ್ರೆ ಈ ವಿವರಕ್ಕೆ ದೊಡ್ಡ ನಮಸ್ಕಾರ. ನಾನು ಇಷ್ಟು ದಿನ ಇದನ್ನ ಬರೀ ಅಹಂ ಪ್ರಶ್ನೆ ಅಂತ ಓದಿದ್ದೆ.

ಬಾಸ್‌ಗಿಟಾರ್ ಬಸ್ಯಾ:
ಏನ್ರಿಪಾ, ಎಲ್ಲಾರೂ ಕೋರ್ಟು ಕಚೇರಿ ಅಂತನ ಕುಂತೀರಿ, ಅಂವಾ ಬಾರಿಸಿದ್ದು ಹೆಂಗ ಅದ ಅನ್ನೂದು ಯಾರೂ ಹೇಳವಲ್ರಿ. ಒಂದ ಸಲ 1959ರ ನ್ಯೂ ಸಾಯಿಲ್ ಆಲ್ಬಮ್ ತಗದು ಕೇಳ್ರಿ, ಸ್ಯಾಕ್ಸೋಫೋನಿನ ಜಾಕಿ ಮೆಕ್ಲೀನ್ ಅಂವಂದು, ಬಾಸ್ ಪಾಲ್ ಚೇಂಬರ್ಸ್. ಅದರಾಗ ಮೈನರ್ ಅಪ್ರಿಹೆನ್ಶನ್ ಅಂತ ಒಂದು ಟ್ಯೂನ್ ಅದ, ಭಾಳ ಸ್ಪೀಡಿಂದು. ಎಲ್ಲಾರೂ ಸೋಲೋ ಹೊಡದ ಮ್ಯಾಲೆ ಡ್ರಮ್ಸ್ ಸರದಿ ಬರತದ. ಆಗಿನ ಕಾಲದಾಗ ಡ್ರಮ್ಸ್ ಸೋಲೋ ಅಂದ್ರ ಟೆಂಪೋ ಹಿಡಕೊಂಡ ಹೋಗೂದು, ಎಂಟೆಂಟು ಬಾರು (ಆವರ್ತ) ಲೆಕ್ಕಾ ಇಟಗೊಂಡು, ಮನಸಿನ್ಯಾಗ ಟ್ಯೂನ್ ಹಾಡಕೋತ ಬಾರಿಸೂದು. ಈ ಮಗಾ ಏನ ಮಾಡ್ತಾನ, ಟೆಂಪೋನ ಕೈ ಬಿಟ್ಟ ಬಿಡತಾನ. ಒಂದಿಷ್ಟು ಟಪಟಪ ಬಾರಿಸಿ ಗಪ್ಪಂತ ನಿಂದ್ರತಾನ. ಮತ್ತ ಎಲ್ಲೋ ಒಂದು ಮೂಲಿ ಹಿಡದು ಚಾಲೂ. ನಮ್ಮ ತನಿ ಆವರ್ತನ ಕೇಳಿದವ್ರಿಗೆ ಇನ್ನೂ ಜಾಸ್ತಿ ಗಾಬರಿ ಆಗತದ ನೋಡ್ರಿ, ಯಾಕಂದ್ರ ಅಲ್ಲಿ ಎಷ್ಟ ಹಾರ್ಯಾಡಿದ್ರೂ ತಾಳ ಹಾಕಾವ್ರ ಕೈ ನಿಂದ್ರಂಗಿಲ್ಲ, ಇಲ್ಲಿ ತಾಳ ಹಾಕಾವನ ಇಲ್ಲ. ಮತ್ತ ಕಡೀಕ ತಾನ ಸನ್ನಿ ಮಾಡಿ ಬ್ಯಾಂಡನ್ನ ಒಳಗ ಕರಕೋತಾನ. ತಾಳ ಬಿಟ್ಟ ಸೋಲೋ ರೆಕಾರ್ಡಿನ್ಯಾಗ ಬಂದಿದ್ದು ಇದ ಮೊದಲ್ನೇದ್ದು ಅಂತ ಭಾಳ ಮಂದಿ ಹೇಳತಾರ. ಇಪ್ಪತ್ತೊಂದು ವರ್ಷದ ಹುಡುಗ, ಬ್ಲೂ ನೋಟ್ ಸೆಷನ್, ಪಾಲ್ ಚೇಂಬರ್ಸ್ ಎದುರಿಗೆ ನಿಂತಾನ. ನಾ ಆಗಿದ್ರ ಕಾಲ ನಡಗತಿದ್ವು.

ಲಯಭಾರಿ:
ಬಸ್ಯಾ ಹೇಳಿದ್ದಕ್ಕೆ ನಾನು ಸೇರಿಸೋದು ಇಷ್ಟೇ, ಮೂರು ವರ್ಷಕ್ಕೆ ಪಿಯಾನೋದ ಪಾಲ್ ಬ್ಲೇ ಅವರ ಫುಟ್‌ಲೂಸ್ ಆಲ್ಬಮ್‌ನಲ್ಲಿ ಅದೇ ಯೋಚನೆನ ಇಡೀ ಗುಂಪಿನ ಒಳಗೆ ತಂದಿದಾನೆ, ಬಾಸ್ ಸ್ಟೀವ್ ಸ್ವಾಲೋ. ರೈಡ್ ಸಿಂಬಲ್ ಮೇಲೆ ಅದೇ ಡಿಂಗ್ ಡಿಂಗಡಿಂಗ್ ಹೊಡೀತಾ ಕೂರಲ್ಲ, ಬೀಟು ಎಲ್ಲೋ ಗಾಳೀಲಿ ಇದೆ, ಮೂವರೂ ಅದರ ಸುತ್ತ ಓಡಾಡ್ತಿದಾರೆ. ಟೋನಿ ವಿಲಿಯಮ್ಸ್‌ಗೆ ಸಿಕ್ಕಿದ ಹೆಸರಲ್ಲಿ ಒಂದು ಪಾಲು ಇವನಿಗೆ ಸೇರ್ಬೇಕಿತ್ತು ಅಂತ ನನ್ನ ವಾದ. ತಮಾಷೆ ಏನಂದ್ರೆ ಇಷ್ಟು ಮುಂದೆ ಹೋದೋನು ಆಮೇಲಿನ ಬದುಕೆಲ್ಲ ಸ್ವಿಂಗ್ ಸ್ವಿಂಗ್ ಅಂತ ಹಿಡ್ಕೊಂಡ ಅನ್ನೋದು ಕೇಳೋಕೆ ವಿರೋಧಾಭಾಸ ಥರ ಇದೆ, ಆದ್ರೆ ಕಿವಿಗೆ ಹಂಗೆ ಅನ್ಸಲ್ಲ, ಬಿಟ್ಟು ಬಾರಿಸ್ಬೇಕಾದ್ರೂ ಬಿಡೋಕೆ ಒಂದು ಸ್ವಿಂಗ್ ಇರ್ಬೇಕಲ್ಲ.

ಜಯನಗರ ಜಂಕ್ಷನ್:
ನನ್ನ ಪಾಪ ಅನ್ನೋ ಮಾತನ್ನ ಪೂರ್ತಿ ವಾಪಸ್ ತಗೊಳಲ್ಲ. ಎಲ್ರಿಗೂ ಲಾ ಕಾಲೇಜ್ ಸಿಗ್ಲಿಲ್ಲ. ರಾಯ್ ಬ್ರೂಕ್ಸ್ ನೆನಪಿದಾನಾ? ಅವನೂ 1938ರಲ್ಲಿ ಹುಟ್ಟಿದೋನೇ, ಡೆಟ್ರಾಯ್ಟ್. ಹೊರೇಸ್ ಸಿಲ್ವರ್ ಗುಂಪಲ್ಲಿ 1960ರ ದಶಕದ ಮೊದಲ ಭಾಗ ಪೂರ್ತಿ ಇದ್ದ, ಆಮೇಲೆ ಮ್ಯಾಕ್ಸ್ ರೋಚ್ ಅವರ ಎಂಬೂಮ್ ತಾಳವಾದ್ಯ ಗುಂಪಲ್ಲಿ. ಗರಗಸಕ್ಕೆ ಕಮಾನು ಹಾಕಿ ರಾಗ ನುಡಿಸೋನು. ಬೈಪೋಲಾರ್ ಕಾಯಿಲೆ, ಡೆಟ್ರಾಯ್ಟ್‌ಗೆ ವಾಪಸ್, ಅಕ್ಕಪಕ್ಕದವರ ಜೊತೆ ಜಗಳ, ಕೊನೆಗೆ 2000ದಲ್ಲಿ ಜೈಲು. 2005ರಲ್ಲಿ ತೀರ್ಕೊಂಡ. 1970ರಲ್ಲಿ ಬಾಲ್ಟಿಮೋರ್‌ನಲ್ಲಿ ಅವನ ಗುಂಪು ನುಡಿಸಿದ ಒಂದು ಕಾನ್ಸರ್ಟ್ 2021ರಲ್ಲಿ ಅಂಡರ್‌ಸ್ಟ್ಯಾಂಡಿಂಗ್ ಅಂತ ರೆಕಾರ್ಡ್ ಆಗಿ ಬಂದು ಎಲ್ರೂ ಹೊಗಳಿದ್ರು, ಹೊಗಳಿಸ್ಕೊಳೋಕೆ ಅವನೇ ಇಲ್ಲ. ಇವನ ಜೊತೆ ಇಟ್ಟು ನೋಡಿದ್ರೆ ಲಾ ರೋಕಾದು ಛಲ ಒಂದೇ ಅಲ್ಲ, ಆರೋಗ್ಯ, ಓದಿನ ಹಿನ್ನೆಲೆ, ಸ್ವಲ್ಪ ಅದೃಷ್ಟ, ಎಲ್ಲಾ ಇದೆ.

ಕಪ್ಪುತಟ್ಟೆ:
ಇದನ್ನ ಒಪ್ತೀನಿ. ರಾಯ್ ಬ್ರೂಕ್ಸ್‌ಗೆ ಅಂತಾನೇ ಬೇರೆ ಥ್ರೆಡ್ ಬೇಕು, ನೀವೇ ಶುರು ಮಾಡಿ. ಬಿಲ್ಲಿ ಹಿಗ್ಗಿನ್ಸ್‌ದು ಮೂರನೇ ಥರ, ಲಾಸ್ ಏಂಜಲೀಸ್‌ನ ಲೈಮರ್ಟ್ ಪಾರ್ಕ್‌ನಲ್ಲಿ 1989ರಲ್ಲಿ ಕವಿ ಕಮಾವ್ ದಾವೂದ್ ಜೊತೆ ವರ್ಲ್ಡ್ ಸ್ಟೇಜ್ ಅಂತ ಒಂದು ಚಿಕ್ಕ ಜಾಗ ಮಾಡಿ ಮಕ್ಕಳಿಗೆ ಡ್ರಮ್ಸ್ ಹೇಳ್ಕೊಟ್ಟ. ಮೂವರೂ ಒಂದೇ ತಲೆಮಾರು.

ನ್ಯೂಜೆರ್ಸಿ ನಂಜುಂಡ:
ಲಾ ರೋಕಾ ಪೂರ್ತಿ ಬಿಟ್ಟೇಬಿಟ್ಟ ಅನ್ನೋ ಹಾಗೂ ಇಲ್ಲ ಕಣ್ರಿ. ಆ ಬಿಡೋ ಬಿಡದಿರೋ ಹೊತ್ತಲ್ಲೇ ಸ್ಯಾಕ್ಸೋಫೋನ್ ನುಡಿಸೋ ಡೇವ್ ಲೀಬ್ಮನ್ ಅನ್ನೋ ಬ್ರೂಕ್ಲಿನ್ ಹುಡುಗನ್ನ ತನ್ನ ಗುಂಪಿಗೆ ಹಾಕ್ಕೊಂಡಿದ್ದ, ಲೀಬ್ಮನ್‌ಗೆ ಜಾಝ್‌ನಲ್ಲಿ ಸಿಕ್ಕ ಮೊದಲ ಗಟ್ಟಿ ಕೆಲಸ ಅದು. ಅಲ್ಲಿಂದ ಲೀಬ್ಮನ್ ಎಲ್ವಿನ್ ಹತ್ರ ಹೋದ, ಆಮೇಲೆ ಮೈಲ್ಸ್ ಹತ್ರ. ಲಾ ರೋಕಾ 1979ರಿಂದ ಮತ್ತೆ ಅಷ್ಟಿಷ್ಟು ನುಡಿಸೋಕೆ ಶುರು ಮಾಡಿದ, ಹಗಲು ವಕೀಲಿಕೆ ಬಿಡದೇನೇ. 1997ರಲ್ಲಿ ಬ್ಲೂ ನೋಟ್‌ಗೆ ಸ್ವಿಂಗ್‌ಟೈಮ್ ಮಾಡಿದಾಗ ಅದೇ ಲೀಬ್ಮನ್ ಬಂದು ಸೊಪ್ರಾನೋ ನುಡಿಸಿದ, ಪಿಯಾನೋ ಜಾರ್ಜ್ ಕೇಬಲ್ಸ್, ಟ್ರಂಪೆಟ್ ಜಿಮ್ಮಿ ಓವೆನ್ಸ್, ಬಾಸ್ ಸಾಂಟಿ ಡಿಬ್ರಿಯಾನೋ. ಬಸ್ರಾ ಆದ್ಮೇಲೆ ಅದೇ ಲೇಬಲ್‌ಗೆ ಮೂವತ್ತೆರಡು ವರ್ಷ ಕಳೆದು ಎರಡನೇ ಆಲ್ಬಮ್. ಕವರ್ ಮೇಲೆ ಪೀಟ್, ಕಂಸದಲ್ಲಿ ಲಾ ರೋಕಾ, ಆಮೇಲೆ ಸಿಮ್ಸ್ ಅಂತ ಹೆಸರು ಹಾಕಿಸ್ದ. ಟರ್ಕಿಶ್ ವಿಮೆನ್ ಕೂಡ ಅದೇ ವರ್ಷ ಅವನದೇ ಹೆಸರಲ್ಲಿ ಮತ್ತೆ ಸಿಡಿ ಆಗಿ ಬಂತು.

ಲೀಡರ್ ಆಗಿ ಒಟ್ಟು ಮೂರೇ ಆಲ್ಬಮ್ಮು. 2012ರ ನವೆಂಬರ್ 20ಕ್ಕೆ ನ್ಯೂಯಾರ್ಕ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರ್ಕೊಂಡ, 74 ವರ್ಷ.

ವಕೀಲ ಸಾಹೇಬ:
ವಕೀಲಿಕೆ ಜೊತೆ ಸಂಗೀತ ಅಂದಾಗ ನಮ್ಮ ಬಾರ್ ಅಸೋಸಿಯೇಷನ್ ವಾರ್ಷಿಕೋತ್ಸವ ನೆನಪಾಯ್ತು, ಬೇಡ ಬಿಡಿ.

ಲಯಭಾರಿ:
ಸ್ವಿಂಗ್‌ಟೈಮ್ ಬಗ್ಗೆ ನನ್ನ ತಕರಾರು ಇದೆ. ಬಾರಿಸೋದು ಚೆನ್ನಾಗಿದೆ, ಕೈ ಎಲ್ಲೂ ತುಕ್ಕು ಹಿಡಿದಿಲ್ಲ, ಹಾರ್ನುಗಳು (ಸ್ಯಾಕ್ಸೋಫೋನ್, ಟ್ರಂಪೆಟ್) ಜಾಸ್ತಿ ಆಯ್ತು ಅನ್ಸುತ್ತೆ. ಬಸ್ರಾದಲ್ಲಿ ನಾಲ್ಕೇ ಜನ, ಹೆಂಡರ್ಸನ್, ಸ್ಟೀವ್ ಕೂನ್, ಸ್ವಾಲೋ, ಇವನು. ಬಸ್ರಾ ಅನ್ನೋ ಟೈಟಲ್ ಟ್ರ್ಯಾಕು ಹೆಚ್ಚುಕಮ್ಮಿ ಒಂದೇ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗುಚ್ಛ) ಮೇಲೆ ನಿಂತಿದೆ, ಅಲ್ಲಿ ಕದಲೋದು ಅಂತ ಏನಿದ್ರೂ ಡ್ರಮ್ಸೇ ಕದಲಿಸ್ಬೇಕು, ಕದಲಿಸ್ತಾನೆ. 1997ರದ್ದರಲ್ಲಿ ಎಲ್ರಿಗೂ ಸೋಲೋ ಹಂಚಿ ಹಂಚಿ ಇವನು ಅತಿಥಿ ಸತ್ಕಾರ ಮಾಡೋ ಯಜಮಾನ ಆಗಿಬಿಟ್ಟಿದಾನೆ.

ಕಪ್ಪುತಟ್ಟೆ:
ನನಗೆ ಅದೇ ಇಷ್ಟ ಆಗಿದ್ದು. ಆ ರೆಕಾರ್ಡಲ್ಲಿ ಏನನ್ನೂ ಸಾಬೀತು ಮಾಡೋ ಅವಸರ ಇಲ್ಲ. ಬಾಡಿಗೆ ಕಟ್ಟೋಕೆ ಬೇರೆ ದಾರಿ ಇದೆ, ವಿಮರ್ಶಕ ಏನ್ ಬರೀತಾನೋ ಅನ್ನೋ ಚಿಂತೆ ಇಲ್ಲ, ಕರೆದೋರೆಲ್ಲ ಅವನಿಗೆ ಬೇಕಾದೋರು, ಬಾರಿಸಿದ್ದೆಲ್ಲ ಅವನಿಗೆ ಬೇಕಾದ್ದು. 1968ರಲ್ಲಿ ಏನು ಬೇಡ ಅಂತ ಎದ್ದು ಹೋದನೋ ಅದು ಒಂದು ಚೂರೂ ಇದರಲ್ಲಿಲ್ಲ. ಮೂವತ್ತು ವರ್ಷ ಕಾದು ತನ್ನ ಷರತ್ತಿನ ಮೇಲೇ ವಾಪಸ್ ಬಂದಿದಾನೆ. ಬಸ್ರಾದಷ್ಟು ದೊಡ್ಡ ರೆಕಾರ್ಡ್ ಅಲ್ಲ ಅನ್ನೋದು ಒಪ್ಪಿದೆ. ಆದ್ರೆ ಆ ಮೂವತ್ತು ವರ್ಷ ಸ್ಟುಡಿಯೋಲಿ ಜಿಂಗಲ್ಸ್‌ಗೆ, ಫಂಕ್ ಆಲ್ಬಮ್‌ಗಳಿಗೆ ಬಾರಿಸಿದ್ದಿದ್ರೆ ಕೈ ಹಿಂಗಿರ್ತಿತ್ತಾ ಅಂತ ಕೇಳ್ತೀನಿ.

ಲಯಭಾರಿ:
ಇರ್ತಿತ್ತು. ಡೈಲಿ ಬಾರಿಸೋನ ಕೈ ಯಾವತ್ತೂ ಚೆನ್ನಾಗೇ ಇರುತ್ತೆ, ಬೇಜಾರಾಗೋದು ಕಿವಿಗೆ. ನಾನೊಬ್ಬ ಡ್ರಮ್ಮರು, ಮದುವೆ ಆರ್ಕೆಸ್ಟ್ರಾಗೂ ಬಾರಿಸ್ತೀನಿ, ಅದರಿಂದ ನನ್ನ ಸ್ವಿಂಗ್ ಹಾಳಾಗಿಲ್ಲ. ಹಿಂಗೆ ಬಿಟ್ಟು ಹೋಗೋದನ್ನ ಜಾಸ್ತಿ ವೈಭವೀಕರಿಸ್ಬೇಡಿ, ಬಿಡದೆ ಉಳ್ಕೊಂಡೋರಿಗೂ ಮರ್ಯಾದೆ ಇದೆ.

ಜಯನಗರ ಜಂಕ್ಷನ್:
ಆಹಾ ಈಗ ಥ್ರೆಡ್ ಬಿಸಿ ಆಯ್ತು 😄 ನಾನಂತೂ ಹೊಸಬ, ಇವನದ್ದು ಎಲ್ಲಿಂದ ಕೇಳೋಕೆ ಶುರು ಮಾಡ್ಲಿ? ಪೇಜ್ ಒನ್ ಬಿಟ್ಟು, ಅದು ಕೇಳಿದೀನಿ.

ನ್ಯೂಜೆರ್ಸಿ ನಂಜುಂಡ:
ರಾಲಿನ್ಸ್ ವ್ಯಾನ್‌ಗಾರ್ಡ್‌ದು ಅ ನೈಟ್ ಇನ್ ಟುನೀಶಿಯಾ ಮೊದಲು. ಹಳೇ ಎಲ್‌ಪಿಲಿ ಇವನು ಇರೋದು ಅದೊಂದರಲ್ಲೇ, ಉಳಿದಿದ್ದೆಲ್ಲ ಎಲ್ವಿನ್. ಒಂದೇ ದಿನ, ಒಂದೇ ಹಾಲ್, ಇಬ್ಬರು ಡ್ರಮ್ಮರು, ಪಕ್ಕಪಕ್ಕ ಇಟ್ಟು ಕೇಳ್ಬಹುದು. ಆಮೇಲೆ ಪಿಯಾನೋದ ಡಾನ್ ಫ್ರೀಡ್‌ಮನ್‌ನ ಆಲ್ಬಮ್ ಸರ್ಕಲ್ ವಾಲ್ಟ್ಸ್, 1962, ಅದರಲ್ಲಿ ಮೆತ್ತಗೆ ಬಾರಿಸೋದು ಹೆಂಗೆ ಅಂತ ತೋರಿಸ್ತಾನೆ.

ಬಾಸ್‌ಗಿಟಾರ್ ಬಸ್ಯಾ:
ಅವೆಲ್ಲಾ ಆಮ್ಯಾಲೆ. ಮೊದಲ ಬಸ್ರಾ ಹಚ್ಚು, ಎರಡನೇ ಟ್ರ್ಯಾಕ್ ಕ್ಯಾಂಡು. ಬ್ಲೂಸ್ ಅದ, ತಲಿ ಕೆಡಿಸಿಕೊಳ್ಳೂದ ಬ್ಯಾಡ, ಹೆಂಡರ್ಸನ್ ಹಿಂದ ಅಂವಾ ಏನ ಮಾಡಾಕತ್ತಾನ ಅಷ್ಟ ಕೇಳು. ಮೊಬೈಲ್ ಸ್ಪೀಕರಿನ್ಯಾಗ ಕೇಳಿದಿ ಅಂದ್ರ ಸ್ವಾಲೋ ಬಾಸ್ ಒಂದ ಸುರ ಸೈತ ಕೇಳಂಗಿಲ್ಲ, ಹೆಡ್‌ಫೋನ್ ಹಾಕ್ಕೋ. ಮತ್ತ ಲಯಭಾರಿ ಅಣ್ಣಾ, ಮದವಿ ಆರ್ಕೆಸ್ಟ್ರಾದ ಕೆಲಸ ಇದ್ರ ನನಗೂ ಒಂದು ಫೋನ್ ಹಚ್ಚೋ ಮಾರಾಯಾ, ನನಗ ಅಷ್ಟೆಲ್ಲಾ ತತ್ವ ಇಲ್ಲ.